ಜೇನುಬಂಡೆಗೆ ಹಾಕಿದ ರೈಟ್ ಗುರುತು

ಅರಸೀಕೆರೆ

ಮೇ 3, ಬೆಳಗ್ಗೆ 5 ಗಂಟೆ 40 ನಿಮಿಷ. ಅರಸೀಕೆರೆ ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೊಸ ನೋಟ್‌ಬುಕ್ಕಿನ ಮೊದಲ ಸಾಲು ಬರೆದೆ. ಸಾಮಾನು ಐದು. ನನ್ನವು ಎರಡು, ಮಾವನವು ಮೂರು. ಮಾವನ ಮೂರರಲ್ಲಿ ಒಂದು ಪೂರ್ತಿ ಕೊಬ್ಬರಿ.

"ಇಷ್ಟೊಂದು ಯಾಕೆ ಮಾವ?" ಎಂದೆ.

"ಸ್ನೇಹಿತನ ಮನೆಗೆ ಬರಿಗೈಲಿ ಹೋಗಕಾಯ್ತದಾ? ಅವ್ರ ಕಡೆ ತೆಂಗಿನ ಮರ ಇಲ್ಲ ಕಣವ್ವ" ಎಂದರು ಮಾವ.

ಮಾವ ಎಂದರೆ ಶಿವಲಿಂಗಯ್ಯ, ನನ್ನ ತಾಯಿಯ ತಮ್ಮ. ಈಗ ಕಣಕಟ್ಟೆಯಲ್ಲಿ ತೆಂಗು, ರಾಗಿ ಬೆಳೆಯುತ್ತಾರೆ. ಅದಕ್ಕೆ ಮುಂಚೆ ಸೈನ್ಯದಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡುತ್ತಿದ್ದರು. ಆಗ ಅದೇ ಶೆಡ್ಡಿನಲ್ಲಿ ಅವರ ಜೊತೆ ಹನ್ನೊಂದು ವರ್ಷ ಸ್ಪ್ಯಾನರ್ ಹಿಡಿದವರು ನೇಪಾಳದ ದಿಲ್ ಬಹದ್ದೂರ್. ಇಬ್ಬರೂ ನಿವೃತ್ತರಾಗಿ ಊರು ಸೇರಿದ ಮೇಲೂ ಹಬ್ಬಕ್ಕೊಂದು ಫೋನು ತಪ್ಪಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಹಬ್ಬವಲ್ಲದ ದಿನ ಫೋನು ಬಂತು. ದಿಲ್ ಬಹದ್ದೂರರ ಒಬ್ಬನೇ ಮಗ ಬಿಕಾಸ್ ಸಣ್ಣ ಸರಕು ವಿಮಾನವೊಂದರಲ್ಲಿ ಮೂಟೆ ಹತ್ತಿಸಿ ಇಳಿಸುವ ಕೆಲಸಕ್ಕಿದ್ದ. ಅಕ್ಕಿ ತುಂಬಿಕೊಂಡು ಮೇಲಿನ ಕಣಿವೆಗೆ ಹೊರಟ ಆ ವಿಮಾನ ತಲುಪಲೇ ಇಲ್ಲ. ಅದರಲ್ಲಿದ್ದವರು ಇಬ್ಬರು ಪೈಲಟ್‌ಗಳು ಮತ್ತು ಬಿಕಾಸ್. ಹುಡುಕಿದರು. ಹಿಮ ಬಿತ್ತು. ನಿಲ್ಲಿಸಿದರು.

ಈಗ ಹಿಮ ಕರಗಿದೆ, ಮಳೆ ಇನ್ನೂ ಹಿಡಿದಿಲ್ಲ. ಸತ್ತ ಪೈಲಟ್‌ಗಳ ಸ್ನೇಹಿತರೊಬ್ಬರು ಮೂರು ಬೆಳಗಿನ ಮಟ್ಟಿಗೆ ಹೆಲಿಕಾಪ್ಟರ್ ತರಲು ಒಪ್ಪಿದ್ದರು. ಆಗಲೂ ಸಿಗದಿದ್ದರೆ ನಾಲ್ಕನೆಯ ದಿನ ದರ್ಭೆಯಲ್ಲಿ ಮನುಷ್ಯನ ಆಕೃತಿ ಮಾಡಿ ಸುಟ್ಟು ಕರ್ಮ ಮುಗಿಸುವುದೆಂದು ಪುರೋಹಿತರಿಗೆ ಹೇಳಿಯಾಗಿತ್ತು. ದೇಹ ಸಿಗದಿದ್ದಾಗ ನಮ್ಮಲ್ಲೂ ಹೀಗೇ ಮಾಡುತ್ತಾರೆ. ಆದರೆ ಬಿಕಾಸ್‌ನ ತಾಯಿ ಮಾಯಾ ಒಪ್ಪಿರಲಿಲ್ಲ. ಯಾವ ಬೆಟ್ಟ ಎಂದು ಗೊತ್ತಾಗಲಿ, ಆಮೇಲೆ ಯಾವ ಹುಲ್ಲು ಬೇಕಾದರೂ ಸುಡಿ ಎಂದಿದ್ದರು.

ಇದರಲ್ಲಿ ನನ್ನದೇನು ಕೆಲಸ ಎಂದರೆ, ನಾನು ಡ್ರೋನ್ ಹಾರಿಸಿ ತೆಂಗಿನ ತೋಟಗಳ ಫೋಟೋ ತೆಗೆದು ಮರ ಎಣಿಸುವವಳು. ಎಷ್ಟು ಹಸಿರು, ಎಷ್ಟು ಹಳದಿ, ಎಷ್ಟರ ಸುಳಿ ಒಣಗಿದೆ. ನಕ್ಷೆಯ ಮೇಲೆ ಚೌಕ ಹಾಕಿಕೊಳ್ಳುತ್ತೇನೆ, ಒಂದು ಚೌಕ ನೋಡಿ ಮುಗಿದರೆ ರೈಟ್ ಗುರುತು. ನಮ್ಮಜ್ಜ ಎಣಿಸಿದ ಮರದ ಬುಡಕ್ಕೆ ಸುಣ್ಣದ ಬೊಟ್ಟು ಇಡುತ್ತಿದ್ದರಂತೆ, ಎರಡು ಸಲ ಲೆಕ್ಕಕ್ಕೆ ಬರಬಾರದೆಂದು. ನನ್ನದೂ ಅದೇ ಕಸುಬು, ಸುಣ್ಣದ ಬದಲು ಪೆನ್ನು. ಮಾವ ಫೋನಿನಲ್ಲಿ ಸ್ನೇಹಿತನಿಗೆ ಹೇಳಿಬಿಟ್ಟಿದ್ದರು: "ನಮ್ಮಕ್ಕನ ಮಗಳು ಅವ್ಳೆ. ಆಕಾಶದಿಂದ ನೋಡಿ ಎಣಿಸ್ತಾಳೆ. ಒಂದು ಮರ ತಪ್ಪಲ್ಲ."

ತಪ್ಪುತ್ತದೆ. ಮಾವನಿಗೆ ಅದು ಗೊತ್ತಿರಲಿಲ್ಲ, ನನಗೆ ಹೇಳಲು ಬಾಯಿ ಬರಲಿಲ್ಲ.

ಕಾಠ್ಮಂಡು

ಮೇ 4. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ. ಒಂದು ಗಂಟೆಯಲ್ಲ, ಅರ್ಧ ಗಂಟೆಯೂ ಅಲ್ಲ. ವಿಮಾನ ಇಳಿದ ತಕ್ಷಣ ನಾನು ಬದಲಾಯಿಸಿಕೊಂಡೆ. ಮಾವ ಒಪ್ಪಲಿಲ್ಲ.

"ಹದಿನೈದು ನಿಮಿಷಕ್ಕೋಸ್ಕರ ಯಾವನಾದ್ರೂ ವಾಚ್ ತಿರುಗಿಸ್ತಾನಾ? ಬುಡು."

ಮರುದಿನ ಬೆಳಗ್ಗೆ ಪೋಖರಾ ಬಸ್ಸು ನಮ್ಮ ಕಣ್ಣೆದುರಿಗೇ ಹೊರಟುಹೋಯಿತು. ಚಹಾ ಕುಡಿಯಲು ಹೋದ ಮಾವ ತಮ್ಮ ಗಡಿಯಾರದ ಪ್ರಕಾರ ಹತ್ತು ನಿಮಿಷ ಮುಂಚೆಯೇ ಬಂದಿದ್ದರು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ನಮಗೆ ಕೈಬೀಸಿದ. ಪಾಪ, ಬೀಳ್ಕೊಡಲು ಬಂದವರು ಎಂದುಕೊಂಡಿರಬೇಕು.

ಲಾಡ್ಜಿನಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ರಿಜಿಸ್ಟರಿನಲ್ಲಿ ನಾನು ಬರೆದ ಇಸವಿಯನ್ನು ಗುಮಾಸ್ತರು ನಯವಾಗಿ ಹೊಡೆದುಹಾಕಿ ತಮ್ಮ ಪಂಚಾಂಗದ ಇಸವಿ ಬರೆದರು. ಕಳೆದು ನೋಡಿದೆ. ನಮಗಿಂತ ಐವತ್ತೇಳು ವರ್ಷ ಮುಂದೆ. ಮಾವನಿಗೆ ಐವತ್ತೆಂಟು. ಇದನ್ನು ಹೇಳಿದ್ದೇ ತಡ ಅವರು ಗುಮಾಸ್ತರ ಕಡೆ ತಿರುಗಿ ಸೈನ್ಯದ ಹಿಂದಿಯಲ್ಲಿ, ನಿಮ್ಮ ಲೆಕ್ಕದಲ್ಲಿ ನನಗೀಗ ನೂರಾ ಹದಿನೈದು, ಮೂರನೇ ಫ್ಲೋರಿಗೆ ಹತ್ತಿಸುವುದು ನ್ಯಾಯವೇ ಎಂದು ಕೇಳಿದರು. ಕೆಳಗಿನ ರೂಮು ಸಿಕ್ಕಿತು.

ಚಿಸಾಪಾನಿ

ಮೇ 7. ಬಸ್ಸು ಎರಡು, ಜೀಪು ಎರಡು, ಕಾಲ್ನಡಿಗೆ ಒಂದು. ಚಿಸಾಪಾನಿ ಎಂದರೆ ತಣ್ಣೀರು. ಈ ಹೆಸರಿನ ಊರುಗಳು ನೇಪಾಳದಲ್ಲಿ ಹಲವು ಇವೆಯಂತೆ, ಆದ್ದರಿಂದ ಬರೀ ಹೆಸರು ಕೇಳಿಕೊಂಡು ಯಾರೂ ಹೊರಡಬೇಡಿ.

ಇಲ್ಲಿ ಯಾರೂ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಗಂಟೆಯಲ್ಲಿ ಹೇಳುತ್ತಾರೆ, ಆ ಗಂಟೆ ಅವರ ಕಾಲಿನದು. ಜೀಪು ನಿಂತ ಜಾಗದಿಂದ ಮನೆಗೆ "ಒಂದೂವರೆ ಗಂಟೆ" ಎಂದರು ನಮ್ಮನ್ನು ಕರೆದೊಯ್ಯಲು ಬಂದಿದ್ದ ದಿಲ್ ಬಹದ್ದೂರ್. ನಾನು ಬರೆದುಕೊಂಡದ್ದು: ಮೂರು ಗಂಟೆ ಇಪ್ಪತ್ತು ನಿಮಿಷ, ಮಾವ ಕೂತದ್ದು ಹದಿನೇಳು ಸಲ. ದಿಲ್ ಬಹದ್ದೂರ್ ಕೊಬ್ಬರಿಯ ಚೀಲವನ್ನು ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಹೊತ್ತು ಮುಂದೆ ನಡೆಯುತ್ತಿದ್ದರು. ಮಾವ ಹಿಂದಿನಿಂದ ಅವರನ್ನು ಬೈಯುತ್ತಲೇ ಹತ್ತಿದರು. ಹನ್ನೊಂದು ವರ್ಷದ ಸ್ನೇಹ ಅದು, ಬೈಗುಳ ಇಲ್ಲದಿದ್ದರೆ ದಿಲ್ ಬಹದ್ದೂರರೇ ಗಾಬರಿಯಾಗುತ್ತಿದ್ದರು.

ಬಾಗಿಲಲ್ಲಿ ಮಾಯಾ ನಿಂತಿದ್ದರು. ಗಿಡ್ಡ ದೇಹ, ಅಗಲ ಭುಜ. ಹುಲ್ಲಿನ ಬುಟ್ಟಿ ಹೊತ್ತೂ ಹೊತ್ತೂ ಹಣೆಯ ಮೇಲೆ ಪಟ್ಟಿಯ ಅಚ್ಚು ಬಿದ್ದಿತ್ತು. ಅವರ ಹಿಂದಿಯೂ ನನ್ನ ಹಿಂದಿಯೂ ಅಷ್ಟಕ್ಕಷ್ಟೇ, ಹಾಗಾಗಿ ಮಾತು ಚೆನ್ನಾಗಿ ಹೊಂದಿತು. ಅವರು ಹೇಳಿದ್ದನ್ನೆಲ್ಲ ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನ್ನನ್ನು 'ನಾನಿ' ಎಂದರು, ಪುಟ್ಟಿ ಎಂದ ಹಾಗೆ. ನಾನು 'ಆಮಾ' ಎಂದೆ.

"ಎಣಿಸುವವಳು ನೀನೇನಾ?" ಎಂದು ಕೇಳಿದರು.

"ಹೌದು ಆಮಾ."

"ಸರಿ, ಮೊದಲು ಉಣ್ಣು. ಹಸಿದ ಕಣ್ಣು ಸುಳ್ಳು ಹೇಳುತ್ತೆ."

ತಟ್ಟೆಗೆ ಬಿದ್ದದ್ದನ್ನು ನೋಡಿ ಮಾವನೂ ನಾನೂ ಮುಖ ಮುಖ ನೋಡಿಕೊಂಡೆವು. ರಾಗಿ ಮುದ್ದೆ! ಅವರು ಅದಕ್ಕೆ ಢಿಂಡೋ ಎನ್ನುತ್ತಾರೆ, ನಮ್ಮದರಷ್ಟು ಗಟ್ಟಿಯಿಲ್ಲ, ದುಂಡಗೂ ಕಟ್ಟುವುದಿಲ್ಲ. ಜೊತೆಗೆ ಕಾಡಿನ ತುರಿಕೆ ಸೊಪ್ಪಿನ ಸಾರು. ಬೇಯಿಸಿದರೆ ತುರಿಸುವುದಿಲ್ಲ ಎಂದು ಭರವಸೆ ಕೊಟ್ಟರು. ಅಗಿಯದೆ ನುಂಗುವ ಮಾವನನ್ನು ನೋಡಿ ಮಾಯಾ ಜೋರಾಗಿ ನಕ್ಕರು.

"ನಮ್ಮವನೇ ಇವನು! ಇವನಿಗೆ ಯಾರು ಕಲಿಸಿದ್ದು?"

"ನಮ್ಮೂರಲ್ಲಿ ಅಗಿದು ತಿಂದ್ರೆ ಕಾಯಿಲೆಯೋನು ಅಂತಾರೆ" ಎಂದರು ಮಾವ.

ನೋಟ್‌ಬುಕ್: ಮಾವ ಮೂರು, ನಾನು ಒಂದೂವರೆ.

ಮೊದಲ ಬೆಳಗು

ಮೇ 8, 5 ಗಂಟೆ 55 ನಿಮಿಷ. ಆಲೂಗಡ್ಡೆ ಹೊಲವೊಂದರ ಬದಿಯಲ್ಲಿ ಹೆಲಿಕಾಪ್ಟರ್ ಇಳಿಯಿತು. ಪೈಲಟ್ ಕ್ಯಾಪ್ಟನ್ ನೀಮಾ ನಲವತ್ತರ ಆಸುಪಾಸಿನವರು. ಮಾತು ಕಡಿಮೆ. ಇಳಿದವರೇ ನಮ್ಮಿಬ್ಬರನ್ನೂ ಆಲೂಗಡ್ಡೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು. ಎತ್ತರ ಹೋದಷ್ಟೂ ಗಾಳಿ ತೆಳು, ಗಾಳಿ ತೆಳುವಾದರೆ ರೆಕ್ಕೆಗೆ ಹಿಡಿತ ಇಲ್ಲ, ಪ್ರತಿ ಕಿಲೋ ಲೆಕ್ಕ ಎಂದರು. ನೋಡುವವರು ಹತ್ತು ಜನ ಇದ್ದರೂ ಹತ್ತುವುದು ಇಬ್ಬರೇ. ಮಾವ ಆರು ಕಿಲೋ ಜಾಸ್ತಿ. ಬೂಟು ಬಿಚ್ಚಿದರು, ಸ್ವೆಟರ್ ಬಿಚ್ಚಿದರು, ಬೆಲ್ಟು ಬಿಚ್ಚಿದರು. ಮುಳ್ಳು ಇನ್ನೂ ಒಪ್ಪಲಿಲ್ಲ. ಕೊನೆಗೆ ಎರಡೂ ಜೇಬಿನಿಂದ ಕೊಬ್ಬರಿ ಗಿಟುಕು ಹೊರಗೆ ಬಂತು.

"ಲಿಂಗಾ, ಅಲ್ಲಿ ಯಾರಿಗೆ ಹಂಚಬೇಕು ಅಂತಿದ್ದೆ?" ಎಂದರು ದಿಲ್ ಬಹದ್ದೂರ್.

"ನನಗೇ ಕಣೋ. ಹೆದರಿಕೆ ಆದ್ರೆ ಅಗೀಬೇಕು."

ನಾನು ಹಿಂದಿನ ದಿನವೇ ನಕ್ಷೆಯ ಮೇಲೆ ಚೌಕ ಹಾಕಿದ್ದೆ. ವಿಮಾನ ಹೋಗಿರಬಹುದಾದ ಕಣಿವೆಗಳೆಲ್ಲ ಸೇರಿ ಎಂಬತ್ತನಾಲ್ಕು. ಕ್ಯಾಪ್ಟನ್ ಅದನ್ನು ಬಹಳ ಹೊತ್ತು ನೋಡಿದರು. ಚಳಿಗಾಲದ ಹುಡುಕಾಟದಲ್ಲಿ ಒಬ್ಬೊಬ್ಬರೂ ಹಾರಿಬಂದು 'ಅಲ್ಲಿ ನೋಡಿದೆ' ಎಂದರೇ ಹೊರತು ಎಲ್ಲಿ ನೋಡಲಿಲ್ಲ ಎಂದು ಯಾರೂ ಗುರುತಿಟ್ಟುಕೊಂಡಿರಲಿಲ್ಲವಂತೆ. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಮೇಲೆ ಹೋದ ಮೇಲೆ ಹೆಮ್ಮೆ ಇಳಿಯಿತು. ತೆಂಗಿನ ತೋಟದ ಫೋಟೋವನ್ನು ಮನೆಯಲ್ಲಿ ಕೂತು ಬೇಕಾದಷ್ಟು ಹೊತ್ತು ನೋಡಬಹುದು. ಇಲ್ಲಿ ಬೆಟ್ಟದ ಒಂದು ಮಗ್ಗುಲು ಕಣ್ಣಿಗೆ ಸಿಗುವುದು ಎರಡು ಮೂರು ಉಸಿರು. ಅಷ್ಟರಲ್ಲಿ ಇನ್ನೊಂದು ಬೆಟ್ಟ. ಹೊಳೆಯುವುದೆಲ್ಲ ವಿಮಾನದ ಹಾಗೇ ಕಾಣುತ್ತದೆ. ಆ ದಿನದ ನನ್ನ ಪಟ್ಟಿ: ತಗಡಿನ ಸೂರು ನಾಲ್ಕು, ಜಲಪಾತ ಆರು, ಕಾಗೆಬಂಗಾರದ ಬಂಡೆ ಒಂಬತ್ತು, ಕರಗದ ಹಿಮ ಲೆಕ್ಕವಿಲ್ಲ. ವಿಮಾನ ಸೊನ್ನೆ. ವಾಂತಿ ಎರಡು, ಎರಡೂ ನನ್ನವು.

"ವಿಮಾನ ಹುಡುಕಬೇಡಿ" ಎಂದರು ಕ್ಯಾಪ್ಟನ್ ಇಳಿದ ಮೇಲೆ. "ಬಿದ್ದದ್ದು ವಿಮಾನದ ಹಾಗೆ ಇರುವುದಿಲ್ಲ. ಯಾರೋ ಹರಿದು ಎಸೆದ ಕಾಗದದ ಹಾಗೆ ಇರುತ್ತದೆ."

"ಬಿದ್ದ ಕೂಡಲೇ ಸಿಗ್ನಲ್ ಕೊಡುವ ಪೆಟ್ಟಿಗೆ ಇರ್ತದಲ್ಲ ಸಾಹೇಬ್ರೇ?" ಎಂದು ಮಾವ ಕೇಳಿದರು.

"ಇತ್ತು. ಕೂಗಿತು ಕೂಡ. ಬೆಟ್ಟಗಳು ಆ ಕೂಗನ್ನು ಅತ್ತಿತ್ತ ಎಸೆದವು. ಎರಡು ಕಣಿವೆಯಿಂದ ಬಂದ ಹಾಗೆ ಕೇಳಿಸಿತು. ಎರಡನ್ನೂ ಹುಡುಕುವಷ್ಟರಲ್ಲಿ ಬ್ಯಾಟರಿ ಮುಗಿಯಿತು."

ಮೂವತ್ತೊಂದು ಚೌಕಕ್ಕೆ ರೈಟ್ ಗುರುತು ಬಿತ್ತು. ಒಂಬತ್ತೂವರೆಗೆ ಮೋಡ ಕಣಿವೆಯೊಳಗೆ ನೀರು ತುಂಬಿದ ಹಾಗೆ ತುಂಬಿಕೊಂಡಿತು. ಇಲ್ಲಿ ಹುಡುಕುವವರ ದಿನ ಅಷ್ಟು ಹೊತ್ತಿಗೇ ಮುಗಿಯುತ್ತದೆ.

ಎರಡನೇ ಬೆಳಗು

ಮೇ 9. ಈ ಸಲ ವಾಂತಿ ಇಲ್ಲ. ಮಾಯಾ ಬೆಳಗ್ಗೆಯೇ ಶುಂಠಿ ಅಗಿಸಿದ್ದರು.

ಏಳು ಗಂಟೆ ಹತ್ತು ನಿಮಿಷಕ್ಕೆ ಮಾವ ಕಿರುಚಿದರು. "ಅಗೋ! ನೀಲಿ! ಬಲಕ್ಕೆ!" ಎತ್ತರದ ಹುಲ್ಲುಗಾವಲಿನಲ್ಲಿ ಹರಿದ ಕಾಗದದ ಹಾಗೆ ನೀಲಿ ಚೂರುಗಳು. ನಾನು ಫೋಟೋ ತೆಗೆಯತೊಡಗಿದೆ. ಹತ್ತಿರ ಹೋದರೆ ಚೂರುಗಳ ಕೆಳಗಿನಿಂದ ಜನ ಹೊರಬಂದರು. ಔಷಧಿ ಬೇರು ಅಗೆಯಲು ಬಂದು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಇದ್ದವರು, ಹದಿನಾಲ್ಕು ಮಂದಿ. ಎಲ್ಲರೂ ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದರು.

ಎರಡು ಕೈ ಎತ್ತಿದರೆ ಸಹಾಯ ಬೇಕು ಎಂದು ಅರ್ಥವಂತೆ. ಕ್ಯಾಪ್ಟನ್‌ಗೆ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಸುತ್ತು ಹಾಕಿ ಕೆಳಗೆ ಬಂದರು, ಮತ್ತೆ ಸುತ್ತಿದರು. ಕೆಳಗಿನವರು ಇನ್ನೂ ಹುರುಪಿನಿಂದ ಬೀಸಿದರು. ಒಬ್ಬ ಮುದುಕ ಕುಣಿಯತೊಡಗಿದ. ಕಾಯಿಲೆಯಲ್ಲ, ಕಷ್ಟವಲ್ಲ, ಬರೀ ಸಂತೋಷ. ನಮ್ಮಲ್ಲಿ ರೈಲಿಗೆ ಕೈಬೀಸುವ ಹಾಗೆ.

"ಬೀಸಿ, ನೀವೂ ಬೀಸಿ. ಇಲ್ಲದಿದ್ದರೆ ನಿಲ್ಲಿಸುವುದಿಲ್ಲ" ಎಂದರು ಕ್ಯಾಪ್ಟನ್. ನಾವು ಬೀಸಿದೆವು. ಹನ್ನೊಂದು ನಿಮಿಷ ಹೋಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಆ ದಿನ ಮೂವತ್ತೆಂಟು ಚೌಕ. ಎರಡು ದಿನಕ್ಕೆ ಅರವತ್ತೊಂಬತ್ತು. ಉಳಿದದ್ದು ಹದಿನೈದು. ಲೆಕ್ಕ ಚೊಕ್ಕವಾಗಿತ್ತು. ಮೂರನೇ ಬೆಳಗಿಗೆ ಹದಿನೈದು ಏನೂ ಕಷ್ಟವಲ್ಲ.

ಅದೇ ದಿನ, ಸಂಜೆ 5 ಗಂಟೆ 10 ನಿಮಿಷ

ಮನೆಯ ಮುಂದಿನ ಜಗುಲಿಯಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದೆ. ಮಾಯಾ ಹುಲ್ಲಿನ ಬುಟ್ಟಿ ಇಳಿಸಿ ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತರು. ಇದು ನಿಮ್ಮ ಮನೆ, ಇದು ಹೊಳೆ, ಇದು ಮೇಲಿನ ಊರು ಎಂದು ನಾನು ತೋರಿಸಿದೆ. ಅವರು ಬೆರಳಿಟ್ಟು ಬೆರಳಿಟ್ಟು ಕೇಳಿದರು.

"ಜೇನುಬಂಡೆ ಎಲ್ಲಿದೆ?"

ಜೇನುಬಂಡೆ ಎಂದರೆ ಹೆಜ್ಜೇನು ಕಟ್ಟುವ ಕಡಿದಾದ ಬಂಡೆಗೋಡೆ. ಅವರು ಅದರ ಬುಡದಲ್ಲಿ ಹುಲ್ಲು ಕೊಯ್ಯುತ್ತಾರೆ. ನಕ್ಷೆಯಲ್ಲಿ ಹುಡುಕಿದೆ. ಎರಡು ಚೌಕಗಳ ನಡುವೆ, ಎತ್ತರ ತೋರಿಸುವ ಕಂದು ಗೆರೆಗಳು ಒಂದರ ಮೇಲೊಂದು ಬಿದ್ದು ದಾರದಷ್ಟು ದಪ್ಪವಾಗಿದ್ದ ಕಡೆ, ನನ್ನ ಉಗುರು ನಿಂತಿತು.

"ಇಲ್ಲಿ ಆಮಾ."

"ಇಷ್ಟೇನಾ?" ಎಂದರು. ಗೇಲಿ ಮಾಡುತ್ತಿದ್ದಾರೆ ಎಂದುಕೊಂಡೆ, ಮುಖ ನೋಡಿದರೆ ಹಾಗಿರಲಿಲ್ಲ. "ನಾನಿ, ಅದರ ತಲೆಯಿಂದ ಬುಡಕ್ಕೆ ಸುತ್ತಿಕೊಂಡು ಬರಲು ನನಗೇ ಅರ್ಧ ದಿನ ಬೇಕು. ಜೇನಿನವರು ಹಗ್ಗದ ಏಣಿ ಇಳಿಬಿಟ್ಟರೆ ನಡುವಿಗೂ ಮುಟ್ಟುವುದಿಲ್ಲ. ಅಷ್ಟು ದೊಡ್ಡದನ್ನು ಈ ಗೆರೆಯೊಳಗೆ ಹೇಗೆ ನೋಡಿದೆ?"

ನಾನು ನೋಡಿರಲಿಲ್ಲ.

ಬಂಡೆಯ ನೆತ್ತಿಯ ಮೇಲೆ ಹಾರಿದ್ದೆವು. ನೆತ್ತಿಯ ಹುಲ್ಲು ಕಂಡಿತ್ತು, ಆಮೇಲೆ ಕೆಳಗಿನ ಕಾಡು ಕಂಡಿತ್ತು. ಎರಡೂ ಚೌಕಕ್ಕೆ ರೈಟ್ ಹಾಕಿದ್ದೆ. ಅವೆರಡರ ನಡುವೆ ನೆಟ್ಟಗೆ ನಿಂತ ಗೋಡೆ ಮೇಲಿನಿಂದ ನೋಡುವವರಿಗೆ ಬರೀ ಒಂದು ಅಂಚು. ಕಣಕಟ್ಟೆಯ ತೋಟದಲ್ಲಿ ಈ ತೊಂದರೆ ಇಲ್ಲ. ನೆಲ ಚಪ್ಪಟೆ, ಚೌಕ ಎಂದರೆ ಚೌಕವೇ, ಮೇಲಿನಿಂದ ನೋಡಿದರೆ ಎಲ್ಲ ನೋಡಿದ ಹಾಗೆ. ಚಪ್ಪಟೆ ನೆಲದವಳು ಬಂದು ನಿಂತ ನೆಲವನ್ನೂ ಮಲಗಿಸಿ ಎಣಿಸಿಬಿಟ್ಟಿದ್ದೆ.

ಅರವತ್ತೊಂಬತ್ತನ್ನೂ ಮತ್ತೆ ಒಂದೊಂದಾಗಿ ನೋಡಿದೆ. ಗೆರೆ ಒತ್ತಾಗಿರುವ ಕಡೆಯೆಲ್ಲ ಗೋಡೆ. ಇಪ್ಪತ್ತೆರಡು ಚೌಕಗಳ ರೈಟ್ ಗುರುತು ಸುಳ್ಳು. ಪೆನ್ನಿನಲ್ಲಿ ಹಾಕಿದ್ದರಿಂದ ಅಳಿಸಲೂ ಆಗಲಿಲ್ಲ.

ಮಾವನಿಗೆ ಮೊದಲು ಹೇಳಿದೆ. ಅವರು ನಕ್ಷೆ ನೋಡಿ, "ನಾನೂ ಪಕ್ಕದಾಗೇ ಕೂತಿದ್ನಲ್ಲ, ನನ್ ಬುದ್ಧಿ ಎಲ್ಲೋಗಿತ್ತು?" ಎಂದರು. "ಹೋಗಿ ಕ್ಯಾಪ್ಟನ್‌ಗೆ ಹೇಳು. ಈಗ್ಲೇ ಹೇಳು. ನಾನೂ ಬತ್ತೀನಿ, ನಡಿ."

ಕ್ಯಾಪ್ಟನ್ ಹೊಲದಲ್ಲಿ ಹೆಲಿಕಾಪ್ಟರಿನ ಗಾಜು ಒರೆಸುತ್ತಿದ್ದರು. ನಾನು ಹೇಳಿ ಮುಗಿಸಿದ ಮೇಲೆ ಬಟ್ಟೆ ಮಡಚಿಟ್ಟು ನಕ್ಷೆ ತೆಗೆದುಕೊಂಡರು.

"ಆ ವಿಮಾನದ ಕೊನೆಯ ಮಾತು 'ಹಿಂದಿರುಗುತ್ತಿದ್ದೇವೆ' ಎಂಬುದು. ಮೇಲಿನ ಕಣಿವೆಯಲ್ಲಿ ಮೋಡ ಕಂಡಿರಬೇಕು. ಕ್ಯಾಪ್ಟನ್ ಕೂರುವುದು ಎಡಗಡೆ. ಎಡಗಡೆ ಕೂತವನಿಗೆ ಎಡವೇ ಚೆನ್ನಾಗಿ ಕಾಣುವುದು, ತಿರುಗುವುದೂ ಎಡಕ್ಕೇ. ಇಲ್ಲಿ ಎಡಕ್ಕೆ ತಿರುಗಿದರೆ..." ಅವರ ಬೆರಳು ನಿಧಾನವಾಗಿ ಸರಿದು ಕಂದು ದಾರದ ಮೇಲೆ ನಿಂತಿತು. "ನಿನ್ನೆ ರಾತ್ರಿ ಇದೇ ಯೋಚನೆ ಬಂದಿತ್ತು. ನಿಮ್ಮ ಗುರುತು ನೋಡಿ ಬಿಟ್ಟುಬಿಟ್ಟೆ."

ಅಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಇಂಧನ ಉಳಿದಿರುವುದು ಐವತ್ತು ನಿಮಿಷದ ಹಾರಾಟಕ್ಕೆ. ಅದರಲ್ಲಿ ಉಳಿದ ಹದಿನೈದು ಚೌಕ ಮುಗಿಸಬಹುದು, ಇಲ್ಲವೇ ಒಂದು ಬಂಡೆಯನ್ನು ಸರಿಯಾಗಿ ನೋಡಬಹುದು. ಎರಡೂ ಆಗುವುದಿಲ್ಲ. ಯಾವುದು ಎಂದು ಹೇಳುವ ಹಕ್ಕು ನಮ್ಮ ಯಾರಿಗೂ ಇರಲಿಲ್ಲ. ಮೂವರೂ ಮನೆಯೊಳಗೆ ಒಲೆಯ ಬಳಿಗೆ ಹೋದೆವು. ನಾನು ಮಾಯಾ ಅವರ ಎದುರು ಕೂತು, ಎರಡು ದಿನದಲ್ಲಿ ಇಪ್ಪತ್ತೆರಡು ಕಡೆ ನೋಡದೆ ನೋಡಿದೆ ಎಂದು ಬರೆದಿದ್ದೇನೆ, ನನ್ನದೇ ತಪ್ಪು ಎಂದೆ. ದಿಲ್ ಬಹದ್ದೂರ್ ಎದ್ದು ಹೊರಗೆ ಹೋದರು.

ಮಾಯಾ ಒಲೆಗೆ ಕಟ್ಟಿಗೆ ತಳ್ಳಿದರು. "ತಪ್ಪು ಇವತ್ತು ಗೊತ್ತಾಯಿತಲ್ಲ. ನಾಳಿದ್ದು ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆ?"

"ಗೊತ್ತಿಲ್ಲ ಆಮಾ."

"ನನಗೂ ಗೊತ್ತಿಲ್ಲ. ಬಂಡೆ ನೋಡಿ."

ಮೂರನೇ ಬೆಳಗು

ಮೇ 10. ಜೇನುಬಂಡೆ ದಕ್ಷಿಣಕ್ಕೆ ಮುಖ ಮಾಡಿದೆ. ಬೆಳಗ್ಗೆ ಅದರ ಮೇಲೆ ಬರೀ ನೆರಳು. ನೆರಳಲ್ಲಿ ಹಾರಿದರೆ ಕಪ್ಪು ಗೋಡೆ, ಏನೂ ಕಾಣದು. ಸೂರ್ಯ ಬೆಟ್ಟದ ಬೆನ್ನು ದಾಟಿ ಮೇಲಿನಿಂದ ಓರೆಯಾಗಿ ಇಣುಕುವ ಹೊತ್ತಿಗೆ ಒಂಬತ್ತು ಗಂಟೆ. ಮೋಡ ಬರುವುದೂ ಒಂಬತ್ತೂವರೆಗೆ. ಬೆಳಕೂ ಮೋಡವೂ ಹೆಚ್ಚುಕಡಿಮೆ ಜೊತೆಯಲ್ಲೇ ಬರುತ್ತವೆ. ಕ್ಯಾಪ್ಟನ್ ಕಾಯೋಣ ಎಂದರು.

ಇಡೀ ಪ್ರವಾಸದಲ್ಲಿ ಅತಿ ಕಷ್ಟದ್ದು ಈ ಕಾಯುವಿಕೆ. ಆರರಿಂದ ಒಂಬತ್ತರವರೆಗೆ ಆಕಾಶ ತೊಳೆದಿಟ್ಟ ಹಾಗಿತ್ತು, ನಾವು ಆಲೂಗಡ್ಡೆ ಹೊಲದಲ್ಲಿ ಕೂತಿದ್ದೆವು. ಎಂಟೂವರೆಗೆ ಕೆಳಗಿನ ಕಣಿವೆಯಲ್ಲಿ ಮೊದಲ ಬಿಳಿ ಚೂರು ಹುಟ್ಟಿತು.

"ಟೈಮಾಯ್ತು ಅಂತ ಹೇಳಲಾ?" ಎಂದೆ ಮಾವನಿಗೆ.

"ನನ್ ವಾಚಲ್ಲಿ ಇನ್ನೂ ಎಂಟೂಕಾಲು. ಸುಮ್ಕಿರು, ಅವ್ರ ಕೆಲಸ ಅವ್ರಿಗೆ ಗೊತ್ತೈತೆ."

9 ಗಂಟೆ 4 ನಿಮಿಷಕ್ಕೆ ಎದ್ದೆವು. ಕ್ಯಾಪ್ಟನ್ ಈ ಸಲ ನೆತ್ತಿಯ ಮೇಲೆ ಹಾರಲಿಲ್ಲ. ಬಂಡೆಯ ಮುಖದ ಪಕ್ಕದಲ್ಲೇ, ಮೊದಲು ಮೇಲೆ, ಆಮೇಲೆ ಸ್ವಲ್ಪ ಕೆಳಗೆ, ಆಮೇಲೆ ಇನ್ನೂ ಕೆಳಗೆ, ಪುಟದ ಸಾಲು ಓದಿದ ಹಾಗೆ. ಗಾಳಿ ನಮ್ಮನ್ನು ಗೋಡೆಯ ಕಡೆಗೆ ನೂಕುತ್ತಿತ್ತು. ಜೇನು ಎದ್ದರೆ ಕಷ್ಟವೆಂದು ಅವರು ಅಂತರವನ್ನೂ ಇಟ್ಟುಕೊಳ್ಳಬೇಕಿತ್ತು. ಒಂದೇ ಕಡೆ ನಿಲ್ಲುವ ಹಾಗಿಲ್ಲ, ಅಲ್ಲಿನ ಗಾಳಿ ನಮ್ಮ ತೂಕ ಹೊರುವುದಿಲ್ಲ.

ಮೊದಲ ಸಾಲು, ಏನಿಲ್ಲ. ಓರೆ ಬಿಸಿಲು ಬಂಡೆಯ ಒಂದೊಂದು ಮಡಿಕೆಯನ್ನೂ ಎತ್ತಿ ತೋರಿಸುತ್ತಿತ್ತು. ಹಳೇಬೀಡಿನ ಹೊರಗೋಡೆಯನ್ನು ನಡುಮಧ್ಯಾಹ್ನ ನೋಡಿದರೆ ಸಪ್ಪೆ, ಇಳಿಹೊತ್ತಿನಲ್ಲಿ ನೋಡಿದರೆ ಪಟ್ಟಿಯ ಆನೆಗಳ ಕಾಲು ಕೂಡ ಎಣಿಸಲು ಸಿಗುತ್ತವಲ್ಲ, ಹಾಗೆ. ಕಣ್ಣು ಜಾರಬಾರದೆಂದು ನಾನು ಜೇನುಹುಟ್ಟುಗಳನ್ನು ಎಣಿಸತೊಡಗಿದೆ. ಅರ್ಧಚಂದ್ರದ ಹಾಗೆ ಕಪ್ಪಗೆ ನೇತಾಡುತ್ತಿದ್ದವು. ಎರಡನೇ ಸಾಲಿನಲ್ಲಿ ಹದಿನೇಳರವರೆಗೆ ಬಂದೆ. ಹದಿನೆಂಟು ಇರಬೇಕಾದ ಕಡೆ ಹುಟ್ಟು ಇರಲಿಲ್ಲ. ಬಂಡೆಯ ಚರ್ಮ ಸುಲಿದು ತಿಳಿ ಬಣ್ಣ ಬಂದಿತ್ತು. ಅದರ ಕೆಳಗೆ ಒಂದು ಕಿರಿದಾದ ಮೆಟ್ಟಿಲಿನಂಥ ಚಾಚು, ಚಾಚಿನ ಮೇಲೆ ಒಂದು ನೆಟ್ಟನೆಯ ಗೆರೆ.

ಬೆಟ್ಟದಲ್ಲಿ ಅಷ್ಟು ನೆಟ್ಟನೆಯದು ಏನೂ ಇರುವುದಿಲ್ಲ. ನಾನು ಕೂಗಲಿಲ್ಲ. ಫೋಟೋ ತೆಗೆಯುತ್ತಲೇ ಇದ್ದೆ. ಮೂರನೇ ಸಾಲಿಗೆ ತಿರುಗುವಾಗ ಮೋಡ ಬಂಡೆಯ ಬುಡ ಮುಟ್ಟಿತ್ತು.

"ಕಂಡಿತಾ?" ಎಂದು ಕ್ಯಾಪ್ಟನ್ ಕೇಳಿದರು.

"ಕಂಡಿರಬಹುದು" ಎಂದೆ. ರೈಟ್ ಹಾಕಲಿಲ್ಲ.

ಕೆಳಗಿಳಿದು ಲ್ಯಾಪ್‌ಟಾಪಿನಲ್ಲಿ ಫೋಟೋ ಹಿಗ್ಗಿಸಿದೆವು. ಬಿಳಿ ತಗಡು, ಅದರ ಮೇಲೆ ನೀಲಿ ಪಟ್ಟಿ, ಸಾಲಾಗಿ ಮೊಳೆಗಳು. ಮಾವ ಮೂಗು ಪರದೆಗೆ ತಾಗುವಷ್ಟು ಬಾಗಿ ಮೊಳೆಗಳ ಮೇಲೆ ಬೆರಳಾಡಿಸಿದರು. "ಬಾಲ" ಎಂದರು. ಕ್ಯಾಪ್ಟನ್ ತಲೆಯಾಡಿಸಿದರು. ಪಟ್ಟಿಯ ಬಣ್ಣ ಅವರಿಗೆ ಗೊತ್ತಿತ್ತು, ಆ ವಿಮಾನವನ್ನು ಅವರೂ ಒಂದು ಕಾಲದಲ್ಲಿ ಹಾರಿಸಿದ್ದರು.

ಮಾಯಾ ಕೈ ಒರೆಸಿಕೊಂಡು ಬಂದು ನಿಂತರು. ಹಿಗ್ಗಿಸಿದ ಚಿತ್ರ ಅವರಿಗೆ ಬೇಕಾಗಲಿಲ್ಲ. "ದೂರ ಮಾಡು" ಎಂದರು. ಮಾಡಿದೆ. "ಇನ್ನೂ." ಇಡೀ ಬಂಡೆ ಪರದೆಗೆ ಬರುವ ತನಕ ದೂರ ಮಾಡಿದೆ. ಅವರು ಬುಡದ ಕಾಡು, ಬಲಗಡೆಯ ತೊರೆ, ಎಡಗಡೆಯ ಒಂಟಿ ಮರ ಗುರುತಿಸಿದರು.

"ಈ ಮರದ ಹತ್ತಿರ ಹುಲ್ಲು ಕೊಯ್ದಿದ್ದೀನಿ. ಅವನು ಹೋದ ಮೇಲೆ, ಮೂರು ಸಲ" ಎಂದರು. "ಮೇಲೆ ನೋಡಲೇ ಇಲ್ಲ. ಹುಲ್ಲು ಕೊಯ್ಯುವಾಗ ಯಾರು ಮೇಲೆ ನೋಡುತ್ತಾರೆ?"

ಆಮೇಲೆ ಗಂಡನ ಕಡೆ ತಿರುಗಿ, ನಾಳೆ ಪುರೋಹಿತರು ಬರಲಿ, ಆದರೆ ಮನೆಗಲ್ಲ, ಬಂಡೆಯ ಎದುರಿನ ದಿಬ್ಬಕ್ಕೆ ಎಂದರು. ದಿಲ್ ಬಹದ್ದೂರ್ ನನ್ನ ತಲೆಯ ಮೇಲೆ ಕೈಯಿಟ್ಟರು.

ಎದುರಿನ ದಿಬ್ಬ

ಮೇ 11. ಮಾಯಾ ಅವರ ಕಾಲಿನಲ್ಲಿ ಎರಡು ಗಂಟೆ, ನಮ್ಮದರಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ದರ್ಭೆಯ ಆಕೃತಿಯನ್ನು ಬಂಡೆಯ ಕಡೆಗೆ ತಲೆ ಮಾಡಿ ಮಲಗಿಸಿದರು. ಚಾಚು ಬರಿಗಣ್ಣಿಗೆ ಕಾಣುವುದಿಲ್ಲ. ಎಲ್ಲಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಗೊತ್ತು. ದಿಬ್ಬದ ಮೇಲಿದ್ದ ಒಂಬತ್ತು ಜನಕ್ಕೂ ಮಾಯಾ ಬೆರಳು ತೋರಿಸಿ ಹೇಳಿಕೊಟ್ಟರು. ಪುರೋಹಿತರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಇಳಿಯುವಾಗ ಮಾಯಾ ಅವರ ನಡಿಗೆ ಹಗುರವಾಗಿತ್ತು. ಅಂದು ಎಲ್ಲರೂ ಉಪ್ಪಿಲ್ಲದ ಅನ್ನ ಉಂಡೆವು. ಮಾವನ ಕೊಬ್ಬರಿಯನ್ನು ಖುಕುರಿ ಕತ್ತಿಯಲ್ಲಿ ಹೆಚ್ಚಿ ದಿಬ್ಬ ಹತ್ತಿದವರಿಗೆಲ್ಲ ಹಂಚಿದರು. ಸಂಜೆ ಜಗುಲಿಯಲ್ಲಿ ಮಾಯಾ ಕೂತಲ್ಲೇ ನಿದ್ದೆ ಹೋದರು. ಚಳಿಗಾಲದಿಂದ ಇವಳು ಹಗಲಲ್ಲಿ ಕಣ್ಣು ಮುಚ್ಚಿದ್ದನ್ನು ನೋಡಿರಲಿಲ್ಲ ಎಂದರು ದಿಲ್ ಬಹದ್ದೂರ್. ನಾವು ಪಿಸುಮಾತಿನಲ್ಲಿ ಚಹಾ ಕುಡಿದೆವು.

ಹೊರಡುವ ಬೆಳಗ್ಗೆ ಮಾಯಾ ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡು ಜೇನುಬಂಡೆಯ ಪುಟ ತೆರೆಸಿದರು.

"ಇಲ್ಲಿ ಬಾಲ ಅಷ್ಟೇ ಇದೆ ಅಲ್ಲವಾ ನಾನಿ?"

"ಹೌದು ಆಮಾ. ಮುಂದಿನ ಭಾಗ ಚಾಚಿನ ಮೇಲಿಲ್ಲ."

"ಹಾಗಾದರೆ ಕೆಳಗೆ ಬಿದ್ದಿದೆ. ಹಿಮದ ಜೊತೆ ಜಾರಿದೆ. ಎಷ್ಟು ದೂರ ಜಾರುತ್ತೆ?"

ಕ್ಯಾಪ್ಟನ್ ಜಾಗದ ವಿವರವನ್ನು ಸಂಬಂಧಪಟ್ಟವರಿಗೆ ಕೊಟ್ಟಿದ್ದಾರೆ. ಮಳೆ ನಿಂತ ಮೇಲೆ ಹಗ್ಗ ಹಿಡಿದು ಹತ್ತುವವರು ಬರುತ್ತಾರೆ. ಅವರು ಕೇಳಲಿರುವುದೂ ಇದೇ ಪ್ರಶ್ನೆ. ಬುಡದಲ್ಲಿ ದಟ್ಟ ಕಾಡು, ತೊರೆ, ಸಡಿಲ ಕಲ್ಲಿನ ಇಳಿಜಾರು ಇವೆ. ಅಲ್ಲಿ ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬುದು ನನ್ನ ಚೌಕಗಳಿಗೆ ಗೊತ್ತಿಲ್ಲ. ಊರಿಗೆ ಬಂದ ಮೇಲೆ ಬಿಕ್ಕೋಡಿನ ಎಸ್ಟೇಟಿನಲ್ಲಿ ಮರ ಕಡಿದು ಇಳಿಜಾರಿನಲ್ಲಿ ಉರುಳಿಸುವ ಇಬ್ಬರನ್ನು ಕೇಳಿದೆ. ದಿಮ್ಮಿ ಎಲ್ಲಿ ನಿಲ್ಲುತ್ತದೆ ಎಂದು ಅವರು ನೋಡಿದ ಕೂಡಲೇ ಹೇಳಬಲ್ಲರು, ಹೇಗೆ ಎಂದು ಹೇಳಲಾರರು. ಒಬ್ಬರು, ಮೊದಲ ಮಳೆ ಆದ ಮೇಲೆ ಎಲ್ಲ ಜಾಗ ಬದಲಾಯಿಸುತ್ತವೆ ಎಂದರು.

ಆದ್ದರಿಂದ ಇದನ್ನು ಓದಿದವರಲ್ಲಿ ಘಾಟಿಯ ಕುಸಿತದಲ್ಲಿ ಕೆಲಸ ಮಾಡಿದವರು, ಪ್ರಪಾತಕ್ಕೆ ಬಿದ್ದ ವಾಹನ ಹುಡುಕಿದವರು, ಬೆಟ್ಟದಿಂದ ಬಿದ್ದ ವಸ್ತು ಹಿಮ ಕರಗಿದ ಮೇಲೆ, ಮಳೆ ಹೊಯ್ದ ಮೇಲೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಊಹೆಯಾದರೆ ಊಹೆ ಎಂದೇ ಬರೆಯಿರಿ, ನೋಡಿದ್ದಾದರೆ ನೋಡಿದ್ದು ಎಂದು. ಬಂಡೆಯ ಫೋಟೋಗಳು ನಲವತ್ತಮೂರು ಇವೆ, ಕೇಳಿದವರಿಗೆ ಕಳಿಸುತ್ತೇನೆ. ಅಲ್ಲಿ ಮಳೆ ಬಿಡುವುದು ದಸರೆಯ ಹೊತ್ತಿಗೆ. ಅದಕ್ಕೆ ಮುಂಚೆ ನಾನು ಮಾಯಾ ಅವರಿಗೆ ಫೋನು ಮಾಡಿ, ಎಷ್ಟು ದೂರ ಎಂದು ಹೇಳಬೇಕು.

— ರೂಪಾ, ಹಾರನಹಳ್ಳಿ